ಏಳು ಚಾ, ಹದಿನಾಲ್ಕು ಚಮಚ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕೂತಲ್ಲೇ ಕೆಲಸ. ಬೆಳಿಗ್ಗೆ ಒಗ್ಗರಣಿ ಮಿರ್ಚಿ, ಮಧ್ಯಾಹ್ನ ಸೋನಾ ಮಸೂರಿ ಅನ್ನ, ನಡುವೆ ಯಾರು ಬಂದರೂ ಚಾ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.2 ಬಂತು. 5.7 ಮುಟ್ಟಿದರೆ ಎಚ್ಚರಿಕೆ, 6.5 ಮುಟ್ಟಿದರೆ ಶುಗರ್.

"ನಾನು ಸಿಹಿ ಮುಟ್ಟೋದೇ ಇಲ್ಲ" ಅಂತ ಡಾಕ್ಟರ ಹತ್ತಿರ ವಾದ ಮಾಡಿದೆ. ಅವರು ನಕ್ಕು, ಚಾ ಎಷ್ಟು ಅಂತ ಕೇಳಿದರು. ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಖಾಲಿ ಗಾಜಿನ ಬಾಟಲಿ ಒಂದನ್ನು ತೊಳೆದಿಟ್ಟೆ. ದಿನಾ ರಾತ್ರಿ, ಅವತ್ತು ಕುಡಿದ ಒಂದೊಂದು ಚಾಕ್ಕೂ ಎರಡೆರಡು ಚಮಚ ಸಕ್ಕರೆ ಅದಕ್ಕೆ ಸುರಿಯುವುದು. ಏಳು ಚಾ, ಹದಿನಾಲ್ಕು ಚಮಚ. ಚಮಚಕ್ಕೆ ಸುಮಾರು 4 ಗ್ರಾಂ. ವಾರ ಮುಗಿದಾಗ ತೂಗಿದೆ, ಹತ್ತಿರ ಹತ್ತಿರ 400 ಗ್ರಾಂ! ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನದು ಬರೀ ಚಾದಲ್ಲೇ 56.

ಯಾರೋ ಹೇಳಿದರು ಅಂತ ಒಂದು ತಿಂಗಳು ಬೆಲ್ಲದ ಚಾ ಕುಡಿದೆ. ದಂಡ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತಾ ಬಂದೆ. ನಾಲಿಗೆಗೆ ಅಷ್ಟಾಗಿ ಗೊತ್ತಾಗಲಿಲ್ಲ. ಕಷ್ಟ ಆಗಿದ್ದು ಅಂಗಡಿ ಚಾ, ಅಲ್ಲಿ ಸಕ್ಕರೆ ಹಾಕಿಯೇ ಕುದಿಸಿರುತ್ತಾರಲ್ವಾ? ನನಗೆ ಬೇರೆ ತರಲು ಹುಡುಗನಿಗೆ ಹೇಳಿದೆ. ಅವತ್ತಿನಿಂದ ಹಮಾಲರ ಬಾಯಲ್ಲಿ ನಾನು 'ಸಪ್ಪೆ ಚಾ ಸಾಹೇಬ್ರು'. ಈಗ ದಿನಕ್ಕೆ ಮೂರೇ.

ಅನ್ನದ ವಿಷಯ ಬೇರೆ. ಅದು ನಮ್ಮ ಹೊಟ್ಟೆಪಾಡು. ಅಕ್ಕಿ ಬೆಳ್ಳಗಾದಷ್ಟೂ ರೇಟು ಜಾಸ್ತಿ. ಪಾಲಿಶ್ ಆಗುವಾಗ ತೌಡು ಒಂದು ಕಡೆ ಬೀಳುತ್ತದೆ, ನಾರಿನಂಶ ಅದರ ಜೊತೆಯೇ ಹೋಗುತ್ತದೆ. ಆ ತೌಡನ್ನು ಎಣ್ಣೆ ಕಾರ್ಖಾನೆಗೆ ಮಾರಿದ ಬಿಲ್ ಬರೆಯುವವನು ನಾನೇ. ನಾರಿಲ್ಲದ ಅನ್ನ ರಕ್ತದಲ್ಲಿ ಬೇಗ ಸಕ್ಕರೆ ಏರಿಸುತ್ತದೆ. 1953ರಲ್ಲಿ ತುಂಗಭದ್ರಾ ಡ್ಯಾಂ ಆಗಿ ಕಾಲುವೆ ನೀರು ಬರುವ ತನಕ ಇಲ್ಲಿ ಜೋಳ, ನವಣೆಯೇ ಊಟ. ನಮ್ಮ ಅಜ್ಜನಿಗೆ ಅನ್ನ ಅಂದರೆ ಹಬ್ಬ.

ರಾತ್ರಿ ರೊಟ್ಟಿಗೆ ಬದಲಾದೆ. ಜೋಳ ತಾನೇ ಅಂತ ಮೊದಮೊದಲು ನಾಲ್ಕು ತಿನ್ನುತ್ತಿದ್ದೆ. ಜೋಳದಲ್ಲೂ ಪಿಷ್ಟ ಇದೆ, ಸುಮ್ನೆ ಲೆಕ್ಕ ತಪ್ಪಿತು. ಈಗ ಎರಡು ರೊಟ್ಟಿ, ತಟ್ಟೆ ತುಂಬ ಪುಂಡಿಪಲ್ಯ, ಮಡಕಿ ಕಾಳು, ಒಂದು ಹಸಿ ಉಳ್ಳಾಗಡ್ಡಿ. ಕೊನೆಗೆ ಒಂದು ಹಿಡಿ ಮಜ್ಜಿಗೆ ಅನ್ನ. ಉಂಡ ಮೇಲೆ ಕಾಲುವೆ ತನಕ ನಡೆದು ಬರುತ್ತೇನೆ. ಮಿರ್ಚಿ ಭಾನುವಾರ ಮಾತ್ರ, ಅದನ್ನು ಬಿಡುವ ವಿಚಾರವಿಲ್ಲ.

ಎಂಟು ತಿಂಗಳಿಗೆ 5.8 ಬಂತು. ಇನ್ನೂ ಎಚ್ಚರಿಕೆಯ ಪಟ್ಟಿಯೊಳಗೇ ಇದ್ದೇನೆ, ಆರು ತಿಂಗಳಿಗೆ ಮತ್ತೆ ಪರೀಕ್ಷೆ.

ಆ ಬಾಟಲಿ ಅಡುಗೆಮನೆಯ ಹಲಗೆ ಮೇಲೆಯೇ ಇದೆ. ನೆಂಟರು ಬಂದರೆ ನನ್ನ ಹೆಂಡತಿ ಅದರಿಂದಲೇ ಸಕ್ಕರೆ ತೆಗೆದು ಚಾ ಮಾಡುತ್ತಾಳೆ.