ವೋಟು ಹಾಕಿ ಬಂದು ಕೌದಿ ಹಿಡಿದೆ

ಚುನಾವಣೆ ಬಂತೆಂದರೆ ನನಗೆ ಹೊಟ್ಟೆಯಲ್ಲಿ ತಳಮಳ. ನಾನು ಅಭ್ಯರ್ಥಿಯಲ್ಲ, ಏಜೆಂಟಲ್ಲ, ಯಾವ ಪಕ್ಷದ ಶಾಲೂ ನನ್ನ ಹೆಗಲ ಮೇಲಿಲ್ಲ. ಕೊಪ್ಪಳದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಫಾಲ್, ಪಿಕೋ ಮಾಡುತ್ತೇನೆ, ಅಷ್ಟೇ. ಆದರೂ ದಿನಾಂಕ ಘೋಷಣೆಯಾದ ಕೂಡಲೇ ನಿದ್ದೆ ಹಾರಿಹೋಗುತ್ತದೆ. ರಾತ್ರಿ ಎದ್ದು ಫೋನ್ ನೋಡುವುದು, ಯಾರೋ ಕಳಿಸಿದ ವಿಡಿಯೋಗೆ ಸಿಟ್ಟಾಗುವುದು, ಆ ಸಿಟ್ಟನ್ನು ಬೆಳಿಗ್ಗೆ ಬಂದ ಗಿರಾಕಿ ಮೇಲೆ ತೀರಿಸಿಕೊಳ್ಳುವುದು.

ಇದು ನನ್ನೊಬ್ಬಳ ಪಾಡಲ್ಲ. ಹೊಲಿಗೆ ಕೋಣೆಯಲ್ಲಿ ಕೂತರೆ ಊರಿನ ಕಥೆಯೆಲ್ಲ ಗೊತ್ತಾಗುತ್ತದೆ. ಅಳತೆ ಕೊಡಲು ಬಂದ ಒಬ್ಬಾಕೆಯ ಮನೆಯಲ್ಲಿ ಮಾವನದು ಒಂದು ಪಕ್ಷ, ಗಂಡನದು ಇನ್ನೊಂದು. ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ರೊಟ್ಟಿ ಬಡಿಸಬೇಕಂತೆ. ಇನ್ನೊಬ್ಬಾಕೆಯ ಮಗ ದಿನವೆಲ್ಲ ಪ್ರಚಾರದ ಗಾಡಿ ಹಿಂದೆ ತಿರುಗುತ್ತಿದ್ದ. ಸೋತರೆ ಏನು ಮಾಡಿಕೊಳ್ಳುತ್ತಾನೋ ಅಂತ ಅವಳಿಗೆ ಭಯ. ನನ್ನ ತಮ್ಮನಂತೂ ನಮ್ಮ ತವರುಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಕಾಕಾನ ಜೊತೆ ಜಗಳಾಡಿ ಗ್ರೂಪ್ ಬಿಟ್ಟೇ ಹೋದ. ಆ ವರ್ಷ ಪಂಚಮಿಗೆ ಕರೆಯಲು ಬರುವುದಿಲ್ಲ ಅಂದುಕೊಂಡಿದ್ದೆ. ಬಂದ, ಅದು ಬೇರೆ ಮಾತು.

2023ರ ವಿಧಾನಸಭೆ ಚುನಾವಣೆಯನ್ನು ಹೇಗೋ ತಡೆದುಕೊಂಡಿದ್ದೆ. ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ. ನಡುವೆ ಸಿಕ್ಕಿದ್ದು ಎರಡು ದಿನ. ಜ್ವರ ಬಂದು ಹೋದಂತೆ ಮುಗಿದುಹೋಯಿತು. ಆದರೆ 2024ರ ಲೋಕಸಭೆ ಹಾಗಿರಲಿಲ್ಲ. ದೇಶದಲ್ಲಿ ಏಳು ಹಂತ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮೇ 7ರ ಮಂಗಳವಾರ ಮತದಾನ, ಎಣಿಕೆ ಮಾತ್ರ ಜೂನ್ 4ಕ್ಕೆ. ನಾಲ್ಕು ವಾರ! ವೋಟು ಹಾಕಿದ ಮೇಲೆ ನಾವು ಮಾಡುವುದು ಏನೂ ಉಳಿದಿರುವುದಿಲ್ಲ, ಆದರೆ ಫೋನ್ ದಿನಕ್ಕೆ ನೂರು ಸಲ ಕೂಗುತ್ತಲೇ ಇರುತ್ತದೆ. ಆ ನಾಲ್ಕು ವಾರ ಹೇಗೆ ಕಳೆಯುವುದು ಅನ್ನುವುದೇ ನನಗೆ ದೊಡ್ಡ ಚಿಂತೆಯಾಗಿತ್ತು. ಹಳೆ ಬಟ್ಟೆಯಿಂದ ಕೈಯಲ್ಲೇ ಹೊಲಿಯುವ ಹೊದಿಕೆ, ಕೌದಿ, ಅದರ ವಿಚಾರ ಬಂದಿದ್ದು ಆಗಲೇ.

ಆದರೆ ಮೊದಲು ವೋಟಿನ ಮಾತು. ನನಗೆ ಗಾಬರಿ ಜಾಸ್ತಿಯಾಗುವುದು ಕೈಯಲ್ಲಿ ಕೆಲಸ ಇಲ್ಲದಾಗ. ಅದಕ್ಕೇ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಚರ್ಚೆ ಬಿಟ್ಟು ಕಾಗದದ ಕೆಲಸ ಹಿಡಿದೆ. ಮಗಳಿಗೆ ಹದಿನೆಂಟು ತುಂಬಿದ್ದು ಫೆಬ್ರವರಿಯಲ್ಲಿ. ಹಿಂದಿನ ನಿಯಮ ಇದ್ದಿದ್ದರೆ ಜನವರಿ 1ಕ್ಕೆ ತುಂಬಿಲ್ಲ ಅಂತ ಆ ವರ್ಷ ಅವಳಿಗೆ ವೋಟಿಲ್ಲ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕೂ ತಿಂಗಳ ಒಂದನೇ ತಾರೀಖು ಲೆಕ್ಕಕ್ಕಿದೆ. ಫಾರಂ 6 ತುಂಬಿಸಿದೆವು, ಮತದಾರರ ಪಟ್ಟಿಯಲ್ಲಿ ಹೆಸರು ಬಂತು. ಆಮೇಲೆ ನಮ್ಮ ಓಣಿಯವರ ಹೆಸರು ನೋಡಿಕೊಡುವ ಕೆಲಸವೂ ನನಗೇ ಬಂತು. ಬಟ್ಟೆ ಕೊಡಲು ಬಂದವರ ಕಾರ್ಡ್ ನೋಡಿ, ಫೋನ್‌ನಲ್ಲಿ ಹುಡುಕಿ, ಯಾವ ಶಾಲೆಯ ಯಾವ ಕೋಣೆ ಅಂತ ಚೀಟಿ ಬರೆದು ಕೊಡುತ್ತಿದ್ದೆ. ಅದೇ ಫೋನ್! ಕೆಲಸಕ್ಕೆ ಹಿಡಿದಾಗ ಅದು ನನ್ನನ್ನು ಅಷ್ಟು ಕಾಡಲಿಲ್ಲ ನೋಡಿ.

ಪಕ್ಕದ ಮನೆಯವರು ಬೆಂಗಳೂರಿಗೆ ಗುಳೆ ಹೋದವರು, ಗಾರೆ ಕೆಲಸ. ಮತದಾನದ ದಿನ ಕೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನಿದೆ, ಮೇಸ್ತ್ರಿಗೆ ಹೇಳು ಅಂತ ಆ ಮನೆಯಾಕೆಗೆ ಫೋನ್‌ನಲ್ಲಿ ಹೇಳಿದೆ. ‘ಅಕ್ಕಾ, ರಜಾ ಒಂದ ದಿನ ಕೊಡ್ತಾನ, ಬಸ್ಸಿನ್ಯಾಗ ಹೋಗಿ ಬರಾಕ ಎರಡ ದಿನ ಬೇಕಲ್ಲ’ ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೂ ಗಂಡ ಹೆಂಡತಿ ಇಬ್ಬರೂ ರಾತ್ರಿ ಬಸ್ಸಿಗೆ ನಿಂತುಕೊಂಡೇ ಬಂದರು.

ನಮ್ಮ ಅತ್ತೆಗೆ ಎಂಬತ್ತೈದು ದಾಟಿದೆ. ಆ ವಯಸ್ಸಿನವರಿಗೆ ಮನೆಯಲ್ಲೇ ವೋಟು ಹಾಕುವ ಅವಕಾಶ ಇದೆ, ಫಾರಂ 12ಡಿ ಕೊಟ್ಟರೆ ಸಿಬ್ಬಂದಿಯೇ ಬರುತ್ತಾರೆ. ಬಂದರು. ಪೊಲೀಸರು, ವಿಡಿಯೋ ತೆಗೆಯುವವರು, ಕಾಗದದ ಮತಪತ್ರ, ಲಕೋಟೆ, ಎಲ್ಲ ಸರಿಯಾಗಿ ನಡೆಯಿತು. ಅವರು ಹೋದ ಮೇಲೆ ಅತ್ತೆಯ ಮುಖ ಮಾತ್ರ ಸಪ್ಪಗಾಯಿತು. ‘ಗುಂಡಿ ಒತ್ತಲಿಲ್ಲ, ಕುಂಯ್ ಅನ್ನಲಿಲ್ಲ, ಇದ್ಯಾವ ಸೀಮಿ ವೋಟು’ ಅಂದರು. ಅವರು ಮೊದಲ ಸಲ ವೋಟು ಹಾಕಿದ್ದು 1962ರಲ್ಲಿ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬಂದಿದ್ದೂ ಆ ಚುನಾವಣೆಯಲ್ಲೇ. ಮೈಸೂರಿನ ಬಣ್ಣದ ಕಾರ್ಖಾನೆಯದು, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದದ್ದು.

ನಾನು ಮಗಳನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ಹೋದೆ. ಮೇ ತಿಂಗಳ ಬಿಸಿಲಿಗೆ ಹತ್ತು ಗಂಟೆಯ ಮೇಲೆ ನಮ್ಮ ಊರಲ್ಲಿ ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ಒಳಗೆ ಒಬ್ಬರು ಹೆಸರು ಜೋರಾಗಿ ಓದಿದರು. ಇನ್ನೊಬ್ಬರು ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿದರು. ಉಗುರಿನ ಮೇಲಿಂದ ಚರ್ಮದವರೆಗೆ ಒಂದು ಗೆರೆ, ಹಚ್ಚಿದಾಗ ನೇರಳೆ, ಮನೆಗೆ ಬರುವಷ್ಟರಲ್ಲಿ ಕಪ್ಪು. ರಟ್ಟಿನ ಮರೆಯ ಹಿಂದೆ ನೀಲಿ ಗುಂಡಿ ಒತ್ತಿದೆ, ಪಕ್ಕದ ಕೆಂಪು ದೀಪ ಹತ್ತಿತು, ಯಾರಿಗೆ ಮತ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಕಂಡಿತು. ಏಳು ಸೆಕೆಂಡ್ ಇರುತ್ತದೆ ಅದು. ಹಿಂದಿನ ಸಲಗಳಲ್ಲಿ ಗಡಿಬಿಡಿಯಲ್ಲಿ ಬಂದುಬಿಡುತ್ತಿದ್ದೆ. ಈ ಸಲ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ನಿಂತು ಓದಿದೆ. ಚೀಟಿ ಕತ್ತರಿಸಿ ಒಳಗೆ ಬಿತ್ತು, ಹೊರಗಿನ ಯಂತ್ರ ಕುಂಯ್ ಅಂದಿತು. ನನ್ನ ಕೆಲಸ ಮುಗಿದಿದೆ ಅಂತ ಮನಸ್ಸಿಗೆ ತಾಗಿದ್ದು ಆಗ. ಓದಿದ್ದರಿಂದ ತಾಗಿತು ಅಂತ ನನ್ನ ನಂಬಿಕೆ. ನೀವೂ ಮುಂದಿನ ಸಲ ಅವಸರ ಮಾಡಬೇಡಿ, ಹಿಂದೆ ಸಾಲು ಇದ್ದರೆ ಇರಲಿ.

ಮಧ್ಯಾಹ್ನ ಊಟ ಮುಗಿಸಿ ನೆಲ ಒರೆಸಿ ಹಳೆ ಸೀರೆ ಹಾಸಿದೆ.

ಕೌದಿ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಎಲ್ಲವನ್ನೂ ಕೈಯಲ್ಲೇ ಸಾಲು ಸಾಲಾಗಿ ಹೊಲಿಯುವ ಹೊದಿಕೆ. ನನ್ನ ಹತ್ತಿರ ತುಂಡುಗಳಿಗೇನು ಕಡಿಮೆ? ಬ್ಲೌಸ್ ಕತ್ತರಿಸಿ ಉಳಿದ ಗುಳೇದಗುಡ್ಡದ ಖಣ, ಇಳಕಲ್ಲ ಸೀರೆಯ ಹರಿದ ಸೆರಗು, ಲೈನಿಂಗ್ ಬಟ್ಟೆ, ಗಂಟುಗಟ್ಟಲೆ ಬಿದ್ದಿದ್ದವು. ಅತ್ತೆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಕೆಳಗಿನ ಸೀರೆಯ ಸುಕ್ಕು ಪೂರ್ತಿ ಹೋಗುವಂತೆ ಎಳೆದು ನಾಲ್ಕು ಮೂಲೆಗೂ ಕಲ್ಲಿಡಬೇಕು. ಪದರ ಜರುಗದ ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಅಂಚಿನಿಂದ ಒಳಕ್ಕೆ ಬರಬೇಕು. ನಡುವಿನಿಂದ ಶುರು ಮಾಡಿದರೆ ಅಂಚಿಗೆ ಬರುವಷ್ಟರಲ್ಲಿ ಬಟ್ಟೆ ಸೊಟ್ಟಗಾಗುತ್ತದಂತೆ. ಪಾಲಿಸ್ಟರ್ ತುಂಡು ಮಾತ್ರ ಹತ್ತಿರ ತರಬಾರದು, ಅದು ಜಾರುತ್ತದೆ, ಸೂಜಿಗೂ ಬಗ್ಗುವುದಿಲ್ಲ.

ಇಡೀ ದಿನ ಮೆಷಿನ್ ಮುಂದೆ ಕೂರುವವಳಿಗೆ ಇನ್ನೂ ಹೊಲಿಗೆಯೇ ಅಂತ ನನ್ನ ಗಂಡ ನಕ್ಕರು. ಆದರೆ ಮೆಷಿನ್ ಹೊಲಿಗೆ ಬೇರೆ. ಕಾಲು ತುಳಿಯುತ್ತಿರುತ್ತದೆ, ಕಣ್ಣು ಟಿ.ವಿ. ಕಡೆಯೂ ಹೋಗುತ್ತದೆ, ಬಾಬಿನ್ ಸುತ್ತುವಾಗ ಒಂದು ಕೈಯಲ್ಲಿ ಫೋನ್ ಬರುತ್ತದೆ. ಕೌದಿಗೆ ಎರಡೂ ಕೈ ಬೇಕು. ಬಲಗೈಯಲ್ಲಿ ಸೂಜಿ, ಎಡಗೈ ಬಟ್ಟೆಯ ಅಡಿಗೆ. ಸೂಜಿಯ ಮೊನೆ ಕೆಳಗೆ ಬಂತೇ ಅಂತ ನೋಡುವುದು ಎಡಗೈಯ ತೋರುಬೆರಳು, ಅದೇ ಶಾಯಿಯ ಬೆರಳು. ಮೊದಮೊದಲು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅದು ಕೆಂಪು ಕಪ್ಪು ಎರಡೂ ಆಗಿತ್ತು. ಐದಾರು ಪದರ ದಾಟಬೇಕಾದರೆ ಸೂಜಿಯನ್ನು ಎಲ್ಲಿ ತಿರುಗಿಸಬೇಕು, ದಾರ ಎಷ್ಟು ಎಳೆಯಬೇಕು, ಇಷ್ಟರಲ್ಲೇ ತಲೆ ತುಂಬಿಹೋಗುತ್ತದೆ. ದಾರ ಜಾಸ್ತಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಕಡಿಮೆಯಾದರೆ ಕೆಳಗೆ ಕುಣಿಕೆ ನಿಲ್ಲುತ್ತದೆ.

‘ಫೋನ್ ದೂರ ಇಡಿ’ ಅಂತ ಎಲ್ಲರೂ ಹೇಳುತ್ತಾರೆ. ಇಟ್ಟು ನೋಡಿದ್ದೇನೆ, ಕೈ ತಾನಾಗಿ ಹುಡುಕಿಕೊಂಡು ಹೋಗುತ್ತದೆ. ನನಗೆ ಬೇಕಿದ್ದದ್ದು ಫೋನ್ ಹಿಡಿಯಲು ಆಗದಂಥ ಕೆಲಸ. ಕೌದಿಯೇ ಆಗಬೇಕೆಂದಿಲ್ಲ. ನನ್ನ ಗೆಳತಿಯೊಬ್ಬಳು ಕಿನ್ನಾಳದಲ್ಲಿ ನೆಂಟರ ಮನೆಗೆ ಹೋಗಿ ಗೊಂಬೆ ಕೆಲಸ ಕಲಿಯಲು ಕೂತಳು. ಅಲ್ಲಿ ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟಿನ ಜೊತೆ ಕಲಸಿ ಕಿಟ್ಟ ಮಾಡುತ್ತಾರೆ. ಅದನ್ನು ಮರದ ಗೊಂಬೆಗೆ ಮೆತ್ತಬೇಕು. ಹುಣಸೆ ಬೀಜದ ಅಂಟು ಮೆತ್ತಿದ ಕೈಯಲ್ಲಿ ಯಾರು ವಾಟ್ಸಾಪ್ ತೆಗೆಯುತ್ತಾರೆ ಹೇಳಿ?

ಇನ್ನೊಂದು ಮಾತು, ಇದಕ್ಕೆ ಎಲ್ಲರೂ ಒಪ್ಪಲಿಕ್ಕಿಲ್ಲ. ಚುನಾವಣೆಯ ಬಗ್ಗೆಯೇ ಚಿತ್ರ ಬಿಡಿಸುವುದು, ಕವಿತೆ ಬರೆಯುವುದು ಈ ಕಳವಳಕ್ಕೆ ಮದ್ದಲ್ಲ. ಮಗಳ ಕಾಲೇಜಿನಲ್ಲಿ ಮತದಾನದ ರಂಗೋಲಿ ಸ್ಪರ್ಧೆ ಇತ್ತು, ಚೆನ್ನಾಗಿಯೇ ಹಾಕಿದಳು. ಅದು ಜನರನ್ನು ಎಬ್ಬಿಸಲು ಸರಿ. ಮನಸ್ಸು ತಣ್ಣಗಾಗಬೇಕಾದರೆ ಕೈಯಲ್ಲಿರುವ ಕೆಲಸಕ್ಕೂ ಪಕ್ಷಕ್ಕೂ ಸಂಬಂಧ ಇರಬಾರದು.

ಸಂಬಂಧ ಇರಬಾರದು ಅಂತ ನಾನು ಅಂದುಕೊಂಡರೆ ಸಾಕೇ? ಸಂಜೆ ಓಣಿಯ ಹೆಂಗಸರೂ ಬಂದು ಕೌದಿಯ ನಾಲ್ಕೂ ಕಡೆ ಕೂರತೊಡಗಿದರು. ಮೊದಲ ಸಂಜೆಯೇ ಒಬ್ಬಾಕೆ, ‘ಅಕ್ಕಾರ, ಕೇಸರಿ ಭಾಳ ಆತು ನೋಡ್ರಿ’ ಅಂದಳು. ಎದುರಿನವಳು, ‘ಹಸಿರು ನಿನ್ನ ಕಣ್ಣಿಗೆ ಕಾಣವಲ್ತೇನು?’ ಅಂದಳು. ಅದು ಯಾರದೋ ಮದುವೆ ಬ್ಲೌಸಿನ ತುಂಡು, ಮಾರಾಯರೇ! ನೀಲಿ ಇಟ್ಟರೂ ಒಂದು ಪಕ್ಷ, ಬಿಳಿ ಇಟ್ಟರೂ ಒಂದು ಪಕ್ಷ. ಕೊನೆಗೆ ಅತ್ತೆ ಕಾಯ್ದೆ ಮಾಡಿದರು. ಕೌದಿ ಮೇಲೆ ಕೂತಾಗ ಪಕ್ಷದ ಹೆಸರು ಎತ್ತಿದವರು ಎಲ್ಲರ ಸೂಜಿಗೂ ದಾರ ಪೋಣಿಸಬೇಕು. ಬುಡ್ಡಿ ದೀಪದಂಥ ನಮ್ಮ ಬಲ್ಬಿನ ಬೆಳಕಿನಲ್ಲಿ, ನಲವತ್ತು ದಾಟಿದ ಕಣ್ಣಿಗೆ ಅದು ದೊಡ್ಡ ಶಿಕ್ಷೆಯೇ. ಮಾತು ತಾನಾಗಿ ಬೇರೆ ಕಡೆ ತಿರುಗಿತು: ನೀರು ಯಾವಾಗ ಬಿಡುತ್ತಾರೆ, ಯಾರ ಸೊಸೆ ಬಸುರಿ, ಮುಂಗಾರು ಬರುತ್ತದೋ ಇಲ್ಲವೋ.

ಗಾಳಿಸುದ್ದಿಗೆ ಮಾತ್ರ ದಾರ ಪೋಣಿಸುವ ಶಿಕ್ಷೆ ಸಾಲಲಿಲ್ಲ. ಮತಯಂತ್ರ ಬದಲಾಯಿಸಿದರಂತೆ ಅಂತ ಯಾರಾದರೂ ದಿನಾ ತರುತ್ತಿದ್ದರು. ಎದುರು ಮನೆಯ ಮಾಸ್ತರು ವರ್ಷಗಟ್ಟಲೆ ಚುನಾವಣೆ ಡ್ಯೂಟಿ ಮಾಡಿದವರು. ಅವರನ್ನೇ ಕರೆದು ಕೂರಿಸಿದೆ. ಮತದಾನಕ್ಕೆ ಮುಂಚೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಲೆಕ್ಕ ತೋರಿಸಿ, ಅಳಿಸುತ್ತಾರೆ. ಸಂಜೆ ಎಷ್ಟು ಮತ ಬಿದ್ದಿದೆ ಅಂತ ಫಾರಂ 17ಸಿಯಲ್ಲಿ ಬರೆದು ಅದರ ಪ್ರತಿ ಏಜೆಂಟರಿಗೆ ಕೊಡುತ್ತಾರೆ. ಎಣಿಕೆ ದಿನ ಆ ಸಂಖ್ಯೆ ತಾಳೆಯಾಗಬೇಕು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸುತ್ತಾರೆ. ‘ನಮ್ಮ ಲೋಕಸಭಾ ಕ್ಷೇತ್ರಕ್ಕ ಎಂಟು ವಿಧಾನಸಭಾ. ಆ ಕಡೆ ಸಿಂಧನೂರು, ಮಸ್ಕಿ, ಈ ಕಡೆ ಸಿರುಗುಪ್ಪ ಸೇರಿ. ಅಂದ್ರ ನಲವತ್ತು ಕಡೆ ಚೀಟಿ ಎಣಿಸ್ತಾರ’ ಅಂದರು. ನನ್ನ ಹೆಸರಲ್ಲಿ ಬೇರೆ ಯಾರೋ ಹಾಕಿದ್ದರೆ ಅಂತ ಒಬ್ಬಾಕೆ ಕೇಳಿದಳು. ಗುರುತು ಸಾಬೀತಾದರೆ ಕಾಗದದ ಮತಪತ್ರ ಕೊಡುತ್ತಾರೆ, ಟೆಂಡರ್ ವೋಟ್ ಅಂತ ಅದನ್ನು ಬೇರೆಯಾಗಿ ಇಡುತ್ತಾರೆ, ಸುಮ್ನೆ ವಾಪಸ್ ಬರಬಾರದು ಅಂದರು. ಎಲ್ಲರ ಅನುಮಾನವೂ ಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಮೇಲೆ ಸುದ್ದಿ ತಂದವರನ್ನು ‘17ಸಿಯಾಗ ಏನೈತಿ?’ ಅಂತ ನಮ್ಮವರೇ ಕೇಳತೊಡಗಿದರು.

ಜೂನ್ 1ರ ಸಂಜೆ ಕೊನೆಯ ಹಂತ ಮುಗಿದ ಮೇಲೆ ಎಕ್ಸಿಟ್ ಪೋಲ್ ಬಂತು. ಅವತ್ತು ಕೌದಿ ಹತ್ತಿರ ಯಾರೂ ಇಲ್ಲ, ಎಲ್ಲರೂ ಟಿ.ವಿ. ಮುಂದೆ. ಬಹಳ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಹೇಳಿದವು. ಓಣಿಯಲ್ಲಿ ಒಂದು ಮನೆಯವರು ಪೇಡೆ ಹಂಚಿದರು, ಇನ್ನೊಂದು ಮನೆಯವರು ಬಾಗಿಲೇ ತೆಗೆಯಲಿಲ್ಲ. ಎಣಿಕೆಯಾದಾಗ ಬಂದಿದ್ದು 293. ಪೇಡೆಯೂ ಮುಚ್ಚಿದ ಬಾಗಿಲೂ ಎರಡೂ ದಂಡ. ನನಗಂತೂ ಇನ್ನು ಮುಂದೆ ಎಕ್ಸಿಟ್ ಪೋಲ್ ನೋಡುವ ಆಸೆ ಉಳಿದಿಲ್ಲ.

ಜೂನ್ 3ರ ರಾತ್ರಿ ನಿದ್ದೆ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎದ್ದು ದೀಪ ಹಾಕಿ ಎರಡು ಸಾಲು ಹೊಲಿದೆ, ಆಮೇಲೆ ಮಲಗಿದೆ. ಮರುದಿನ ಎಂಟಕ್ಕೆ ಎಣಿಕೆ ಶುರು, ಮೊದಲು ಅಂಚೆ ಮತ. ಅದರಲ್ಲಿ ಅತ್ತೆಯದೂ ಇತ್ತು. ‘ನಂದ ಮೊದಲ ಎಣಿಸ್ತಾರಂತ’ ಅಂತ ಅವರು ಬಂದವರಿಗೆಲ್ಲ ಹೇಳಿದರು. ಮುನ್ನಡೆ, ಹಿನ್ನಡೆ ಅಂತ ಚಾನೆಲ್‌ನವರು ಕೂಗುವಾಗ ನಾನು ಗಿರಾಕಿಗಳ ಬಟ್ಟೆ ಮುಗಿಸುತ್ತಿದ್ದೆ. ಮಧ್ಯಾಹ್ನ ಮಗಳು ಬಂದು ಒಮ್ಮೆಲೇ ಹೇಳಿದಳು. ಯಾರು ಗೆದ್ದರೆ ನನಗೆ ಖುಷಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವೂ ಕೌದಿಯ ಬಣ್ಣ ಎಣಿಸುತ್ತೀರಿ.

ಆ ಕೌದಿ ಈಗ ಅತ್ತೆಯ ಮಂಚದ ಮೇಲಿದೆ. ಒಂದು ಮೂಲೆಯ ಹೊಲಿಗೆ ಸಡಿಲಾಗಿದೆ ಅಂತ ದಿನಾ ತೋರಿಸುತ್ತಾರೆ. ಮುಂದಿನ ಚುನಾವಣೆಯ ಹೊತ್ತಿಗೆ ನಾದಿನಿಯ ಹೆಸರನ್ನು ಗಂಗಾವತಿಯಿಂದ ಇಲ್ಲಿಗೆ ಬದಲಾಯಿಸಬೇಕು, ಅದಕ್ಕೆ ಫಾರಂ 8. ಇನ್ನೊಂದು ಕೌದಿಗೆ ತುಂಡು ಕೂಡಿಸುತ್ತಿದ್ದೇನೆ. ಕೊಪ್ಪಳದ ಕಡೆಯವರು ಯಾರಾದರೂ ಇದ್ದರೆ ಹಳೆಯ ಖಣ, ಹತ್ತಿ ಸೀರೆ ತಂದು ಕೊಡಿ. ಬಣ್ಣ ಯಾವುದಾದರೂ ಆದೀತು, ಪಾಲಿಸ್ಟರ್ ಬೇಡ.