ಬೊಲೊನ್ಯಾದಲ್ಲಿ ಮೊದಲ ತಿಂಗಳು: ಹೊಸದಾಗಿ ಬಂದ ಕನ್ನಡಿಗರಿಗೆ

ಇಟಲಿಯ ಬೊಲೊನ್ಯಾಕ್ಕೆ ಓದಲೋ ಕೆಲಸಕ್ಕೋ ಬರುವ ನಮ್ಮವರು ಮೊದಲ ತಿಂಗಳ ಶನಿವಾರ, ಭಾನುವಾರಗಳನ್ನೆಲ್ಲ ವೆನಿಸ್, ರೋಮ್, ಮಿಲಾನ್‌ಗಳಿಗೆ ಹಂಚಿಬಿಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯದ ಫ್ಲಾರೆನ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಆ ತಿಂಗಳನ್ನು ನೀವಿರುವ ಬೀದಿಗೆ ಕೊಡಿ. ಆದರೆ ವಿದ್ಯಾರ್ಥಿಗಳು ಬಂದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ವಾಸದ ಪರವಾನಗಿಗೆ ಅರ್ಜಿ ಹಾಕುವುದನ್ನು ಮರೆಯಬಾರದು.

ಮನೆಯ ಹತ್ತಿರದ ಒಂದು ಬಾರನ್ನು ಆರಿಸಿಕೊಂಡು ದಿನವೂ ಅದೇ ಹೊತ್ತಿಗೆ ಹೋಗಿ. ಇಲ್ಲಿ ಬಾರ್ ಎಂದರೆ ಬೆಳಗಿನ ಕಾಫಿಯ ಜಾಗ. ನಮ್ಮ ದರ್ಶಿನಿಗಳಲ್ಲಿರುವಂತೆ ನಿಂತೇ ಕುಡಿಯುವುದು ವಾಡಿಕೆ, ಕುಳಿತರೆ ಹಲವೆಡೆ ಬೆಲೆ ಹೆಚ್ಚು. ಬರಿದೇ ‘ಲಾತ್ತೆ’ ಎಂದು ಕೇಳಿದರೆ ಲೋಟದ ತುಂಬ ಹಾಲು ಬರುತ್ತದೆ. ಒಳಗೆ ಕಾಲಿಡುತ್ತಲೇ ‘ಬುವೊಂಜೋರ್ನೊ’ ಎನ್ನಬೇಕು. ‘ಚಾವ್’ ಸಲುಗೆಯ ಮಾತು, ಅಪರಿಚಿತ ಹಿರಿಯರಿಗೆ ಸಲ್ಲದು. ‘ತೂ’ ಎಂದರೆ ನೀನು. ಗೌರವದ ‘ಲೇಯಿ’ ಮೂಲತಃ ‘ಅವಳು’ ಎಂಬ ಪದವಾದ್ದರಿಂದ ಕ್ರಿಯಾಪದವೂ ಪ್ರಥಮ ಪುರುಷದ್ದೇ ಆಗಿರುತ್ತದೆ. ‘ತಾವು’ ಎಂಬ ಆತ್ಮಾರ್ಥಕ ಸರ್ವನಾಮವನ್ನೇ ಎದುರಿಗಿರುವವರ ಗೌರವಕ್ಕೆ ಬಳಸುವ ನಮಗೆ ಇದು ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಬೇಗ ಒಗ್ಗುತ್ತದೆ.

ಸಂಜೆ ಪೋರ್ತಿಕೊಗಳ, ಅಂದರೆ ಕಂಬಸಾಲಿನ ಮೊಗಸಾಲೆಗಳ, ಅಡಿಯಲ್ಲಿ ನಡೆಯಿರಿ. ಹೊಸ ಮನೆಗಳಿಗೆ ಇವು ಇರಲೇಬೇಕೆಂದು ನಗರಾಡಳಿತ 1288ರಲ್ಲೇ ಕಟ್ಟಳೆ ಮಾಡಿತ್ತು. ಇಂದು ಎಲ್ಲ ಸೇರಿ ಸುಮಾರು 62 ಕಿಲೋಮೀಟರ್ ಉದ್ದವಿರುವ ಇವುಗಳ ಆಯ್ದ ಭಾಗಗಳಿಗೆ 2021ರಲ್ಲಿ ಯುನೆಸ್ಕೊ ಮಾನ್ಯತೆ ದೊರೆಯಿತು. ಬಹುಪಾಲು ಕಡೆ ಜಾಗ ಮನೆಯವರದು, ನಡೆಯುವ ಹಕ್ಕು ಊರಿನದು. ದಾರಿಹೋಕರಿಗೂ ಒದಗುತ್ತಿದ್ದ ನಮ್ಮ ಜಗಲಿಯನ್ನು ನೆನೆದುಕೊಂಡರೆ ಹೆಚ್ಚಿನ ವಿವರಣೆ ಬೇಡ. ರಸ್ತೆ ಅಗೆಯುವಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು ಕೆಲಸದ ತಪ್ಪು ಎಣಿಸುವ ಅಜ್ಜಂದಿರಿಗೆ ಇಲ್ಲಿ ‘ಉಮಾರೆಲ್’ ಎಂಬ ಹೆಸರೇ ಇದೆ. ಪಕ್ಕದಲ್ಲಿ ಹೋಗಿ ನಿಲ್ಲಿ: ಭಾಷೆ ಕಲಿಸಲು ಅವರಷ್ಟು ಪುರುಸೊತ್ತಿರುವವರು ಬೇರೆ ಇಲ್ಲ.

ಸಂತೆಯಲ್ಲಿ ಸರದಿಯ ಸಾಲು ಕಾಣದಿದ್ದರೂ ಸರದಿ ಇರುತ್ತದೆ. ‘ಕಿ ಏ ಲುಲ್ತಿಮೊ?’, ಕೊನೆಯವರು ಯಾರು, ಎಂದು ಕೇಳಿ ಅವರ ನಂತರ ನಿಲ್ಲಬೇಕು. ಟೊಮೆಟೊ ಒತ್ತಿ ನೋಡುವ, ಬೆಂಡೆಕಾಯಿಯ ತುದಿ ಮುರಿಯುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು, ಏಕೆಂದರೆ ಆರಿಸುವುದು ಮಾರುವವರ ಕೆಲಸ. ಹಣ್ಣು ಇಂದಿಗೆ ಬೇಕೋ ನಾಳಿದ್ದಿಗೋ ಎಂದು ಹೇಳಿದರೆ ಅದಕ್ಕೆ ತಕ್ಕ ಮಾಗಿನದನ್ನೇ ಕೊಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ತೊರ್ತೆಲ್ಲಿನಿ ಎಂಬ ಪುಟ್ಟ ಪಾಸ್ತಾ ಕಡುಬಿನ ಹೂರಣ ಹಂದಿಮಾಂಸದ್ದು, ಬೇಯಿಸುವುದು ಮಾಂಸದ ಸಾರಿನಲ್ಲಿ. ಪಿಯಾದೀನಾ ರೊಟ್ಟಿಯ ಹಿಟ್ಟಿಗೆ ಹಂದಿಕೊಬ್ಬು ಸೇರಿಸುವುದುಂಟು, ಪಾರ್ಮಿಜಾನೊ ರೆಜ್ಜಾನೊ ಚೀಸಿನ ಹಾಲು ಒಡೆಯುವುದು ಕರುವಿನ ಜಠರದ ರೆನ್ನೆಟ್ಟಿನಿಂದ. ಆದ್ದರಿಂದ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತಿನ್ನದ ಪದಾರ್ಥಗಳನ್ನು ಒಂದೊಂದಾಗಿ ಹೆಸರಿಸಬೇಕು.

ಆಗಸ್ಟ್ 15ರ ಫೆರ್ರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ನಿಮ್ಮ ಬಾರೂ ಮುಚ್ಚಬಹುದು. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಮತ್ತೆ ತೆರೆಯುವ ದಿನಾಂಕ ಇರುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಕಾಫಿಪುಡಿ ಇಟ್ಟುಕೊಂಡಿರಿ.