ವಾಕ್‌ಮನ್ ಆಟೋ ರಿವರ್ಸ್ ರಿಪೇರಿ: ಮೊದಲು ಎಣ್ಣೆ ಬಾಟ್ಲಿ ಪಕ್ಕಕ್ಕಿಡಿ

ಅಟ್ಟದ ಮೇಲಿದ್ದ ಹಳೇ ವಾಕ್‌ಮನ್ ಇಳಿಸಿ ಮತ್ತೆ ಹಾಡಿಸೋರು ಈಗ ಜಾಸ್ತಿ ಆಗ್ತಿದಾರೆ, ತುಂಬಾ ಖುಷಿ. ಆದ್ರೆ ಆಟೋ ರಿವರ್ಸ್ (ಕ್ಯಾಸೆಟ್ ತೆಗೆದು ತಿರುಗಿಸಿ ಹಾಕದೇ ತಾನೇ ಇನ್ನೊಂದು ಸೈಡ್ ಹಾಡಿಸೋದು) ಇರೋ ಸೆಟ್ಟುಗಳು ವಯಸ್ಸಾಗಿ ಕೆಡೋದಕ್ಕಿಂತ ರಿಪೇರಿ ಮಾಡ್ತೀವಿ ಅಂತ ಕೂತವರ ಕೈಯಲ್ಲಿ ಕೆಡೋದೇ ಹೆಚ್ಚು, ಅದನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ. ನಡೆಯೋದು ಹೆಚ್ಚುಕಮ್ಮಿ ಒಂದೇ ಥರ. ಕ್ಯಾಸೆಟ್ಟು ಅರ್ಧದಲ್ಲೇ ತನ್ನಷ್ಟಕ್ಕೆ ಸೈಡ್ ಬದಲಾಯಿಸತ್ತೆ, ಇಲ್ಲಾ ಸೈಡ್ ಮುಗಿದ್ರೂ ಬದಲಾಯಿಸಲ್ಲ, ತಕ್ಷಣ ಹಿಂದಿನ ಮುಚ್ಚಳ ಬಿಚ್ಚಿ ಕಂಡಕಂಡ ಕಡೆ ಎಣ್ಣೆ ಬಿಡ್ತಾರೆ. ಒಂದೆರಡು ದಿನ ಸರಿಹೋಯ್ತು ಅನ್ಸತ್ತೆ, ಆಮೇಲೆ ಮೊದಲಿದ್ದ ತೊಂದರೆಗಿಂತ ದೊಡ್ಡ ತೊಂದರೆ ಶುರು.

ಯಾಕೆ ಹಾಗಾಗತ್ತೆ ಅಂತ ಗೊತ್ತಾಗ್ಬೇಕಂದ್ರೆ ಒಳಗಡೆ ಏನು ನಡೆಯತ್ತೆ ಅಂತ ತಿಳ್ಕೋಬೇಕು. ಸೋನಿಯವರ ಆಟೋ ರಿವರ್ಸ್ ಇರೋ ಮೊದಲ ವಾಕ್‌ಮನ್ 1982ರ ಡಬ್ಲ್ಯುಎಂ-7. ಆಮೇಲೆ ಐವಾ, ಪ್ಯಾನಾಸೋನಿಕ್ ಎಲ್ಲರೂ ಈ ಸೌಲಭ್ಯ ಕೊಟ್ರು, ಗಲ್ಫ್‌ನಿಂದ ಬರೋರು ನಮ್ಮ ಕರಾವಳಿಗೆ ತಂದ ಸೆಟ್ಟುಗಳಲ್ಲೂ ಬೇಕಾದಷ್ಟು ಇದೇ ಥರದವು. ಇಂಥ ಮಷಿನ್‌ಗೆ ಟೇಪ್ ಮುಗೀತು ಅಂತ ನೇರವಾಗಿ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಟೇಪ್ ಸುತ್ಕೊಳ್ಳೋ ಟೇಕಪ್ ರೀಲ್ ನಿಂತಿದೆ ಅನ್ನೋದಷ್ಟೇ. ಪೂರ್ತಿ ಮೆಕ್ಯಾನಿಕಲ್ ಸೆಟ್ಟಲ್ಲಿ ಒಂದು ಸಣ್ಣ ಲಿವರ್ ಇರತ್ತೆ, ರೀಲ್ ತಿರುಗ್ತಿರೋವರೆಗೂ ಅದರ ಉಜ್ಜಾಟದಿಂದಲೇ ಆ ಲಿವರ್ ಒಂದು ಪಕ್ಕಕ್ಕೆ ಸರಿದು ನಿಂತಿರತ್ತೆ. ರೀಲ್ ನಿಂತ ಕೂಡಲೇ ಉಜ್ಜಾಟ ಇಲ್ಲ, ಲಿವರ್ ವಾಪಸ್ ಬಂದು ಸುತ್ತುತ್ತಾ ಇರೋ ಒಂದು ಕ್ಯಾಮ್‌ಗೆ (ಒಂದು ಕಡೆ ಉಬ್ಬಿರೋ ಚಕ್ರ) ಸಿಕ್ಕಿ ಒದೆ ತಿನ್ನತ್ತೆ, ಆ ಒದೆಗೆ ಅರ್ಧ ಹಲ್ಲಿಲ್ಲದ ಒಂದು ಗೇರು ಫ್ಲೈವೀಲ್‌ಗೆ (ಮೋಟಾರು ತಿರುಗಿಸೋ ಭಾರದ ಚಕ್ರ) ಕಚ್ಕೊಂಡು ತಿರುಗಿ ದಿಕ್ಕು ಬದಲಿಸೋ ತೆಳು ಪಟ್ಟಿಯನ್ನ ಆ ಕಡೆಗೆ ತಳ್ಳತ್ತೆ. ಈ ಒಂದು ಪಟ್ಟಿ ಮೂರು ಕೆಲಸ ಮಾಡತ್ತೆ: ಟೇಪನ್ನ ಒತ್ತಿ ಹಿಡಿದು ಓಡಿಸೋ ರಬ್ಬರಿನ ಪಿಂಚ್ ರೋಲರ್ ಎರಡರಲ್ಲಿ ಒಂದನ್ನ ಬಿಡಿಸಿ ಇನ್ನೊಂದನ್ನ ಒತ್ತಿಸತ್ತೆ, ಮಧ್ಯದ ಐಡ್ಲರ್ ಗೇರನ್ನ ಆ ಕಡೆಯ ರೀಲ್‌ಗೆ ಸೇರಿಸತ್ತೆ, ಹೆಡ್ಡಿನ ಸ್ವಿಚ್ಚನ್ನ ಬದಲಾಯಿಸತ್ತೆ.

ಅಂದ್ರೆ ಇದರಲ್ಲಿ ಕೆಲವು ಜಾಗ ಜಾರಬೇಕು, ಕೆಲವು ಜಾಗ ಉಜ್ಜಬೇಕು. ಉಜ್ಜಬೇಕಾದ ಜಾಗಕ್ಕೆ ಎಣ್ಣೆ ಬಿಟ್ರೆ ಆಟೋ ರಿವರ್ಸ್ ಕಥೆ ಮುಗೀತು. ಈ ಲೇಖನದಲ್ಲಿ ಬೇರೆ ಏನು ಮರೆತ್ರೂ ಪರವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ.

ಬಿಚ್ಚೋ ಮುಂಚೆ

ಹೊಸ ಆಲ್ಕಲೈನ್ ಶೆಲ್ಲು ಹಾಕಿ. ಸವೆದ ಶೆಲ್ಲಲ್ಲಿ ಮೋಟಾರು ತಿರುಗತ್ತೆ, ಹಾಡೂ ಬರತ್ತೆ, ಆದ್ರೆ ಪಟ್ಟಿ ತಳ್ಳೋ ಹೊತ್ತಿಗೆ ಶಕ್ತಿ ಸಾಲಲ್ಲ. ಶೆಲ್ಲಿನ ಪತ್ತಿಗಳಲ್ಲಿ ಹಸಿರು ಕಿಲುಬು ಇದ್ರೆ ಕೆರೆದು ತೆಗೀರಿ. ಅಡಾಪ್ಟರ್ ಮಾತ್ರ ಬೇಡ, ಪ್ಲಸ್ ಮೈನಸ್ಸು ಒಂದೊಂದು ಸೆಟ್ಟಲ್ಲಿ ಒಂದೊಂದು ಥರ ಇರತ್ತೆ, ಉಲ್ಟಾ ಕೊಟ್ರೆ ಬೋರ್ಡೇ ಹೋಗ್ಬಹುದು.

ಆಮೇಲೆ ಕ್ಯಾಸೆಟ್ಟು. ಹಾಳಾದ್ರೂ ಬೇಜಾರಾಗದ ಒಂದು ಸಿ-60 (ಎರಡೂ ಸೈಡ್ ಸೇರಿ 60 ನಿಮಿಷದ) ಕ್ಯಾಸೆಟ್ ಇಟ್ಕೊಳ್ಳಿ, ಅಪ್ಪ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆಯನ್ನ ಟೆಸ್ಟಿಗೆ ಹಾಕ್ಬೇಡಿ, ಅದು ಮತ್ತೆ ಸಿಗಲ್ಲ. ಸಿ-120 ಹಾಕೋದೇ ಬೇಡ, ಅದರ ಟೇಪ್ ಸುಮಾರು 9 ಮೈಕ್ರಾನ್ ದಪ್ಪ ಅಷ್ಟೇ, ರೋಲರ್‌ಗೆ ಸುತ್ಕೊಂಡ್ರೆ ಬಿಡಿಸೋದು ಕಷ್ಟ. ಕರಾವಳಿ, ಮಲೆನಾಡಿನ ಕ್ಯಾಸೆಟ್ ಆದ್ರೆ ಕಿಟಕಿಯಲ್ಲಿ ನೋಡಿ, ಟೇಪ್ ಸುರುಳಿ ಮೇಲೆ ಬಿಳಿ ಬೂಷ್ಟು ಕಂಡ್ರೆ ಹಾಕ್ಬೇಡಿ. ಬೂಷ್ಟು ಹಿಡಿದ ಕ್ಯಾಸೆಟ್ಟು ಬಿಗಿಯಾಗಿ ತಿರುಗತ್ತೆ, ಬಿಗಿಯಾದ ಕ್ಯಾಸೆಟ್‌ನಲ್ಲಿ ಒಳ್ಳೇ ಮಷಿನ್ನೂ ಅರ್ಧಕ್ಕೇ ರಿವರ್ಸ್ ಆಗತ್ತೆ. ಎರಡು ಮೂರು ಕ್ಯಾಸೆಟ್ ಹಾಕಿ ನೋಡಿದ್ಮೇಲೂ ತೊಂದರೆ ಇದ್ರೆ ಮಾತ್ರ ಸ್ಕ್ರೂಡ್ರೈವರ್ ಮುಟ್ಟಿ.

ತೊಂದರೆ ಯಾವ ಥರದ್ದು ಅಂತ ಈಗಲೇ ಗಮನಿಸಿ, ಬಿಚ್ಚಿದ ಮೇಲೆ ಏನೂ ಗೊತ್ತಾಗಲ್ಲ. ಸೈಡ್ ಮುಗಿಯೋಕೆ ಐದು ಹತ್ತು ನಿಮಿಷ ಇರೋವಾಗಲೇ ತಿರುಗ್ತಿದ್ರೆ ಟೇಕಪ್ ರೀಲ್‌ಗೆ ಎಳೆಯೋ ಶಕ್ತಿ ಕಮ್ಮಿ ಆಗಿದೆ ಅಂತ. ಇದು ಕೊನೆಯಲ್ಲೇ ಯಾಕೆ ಆಗತ್ತೆ ಅಂದ್ರೆ, ಟೇಪ್ ಓಡೋದು ಯಾವಾಗಲೂ ಸೆಕೆಂಡಿಗೆ 4.76 ಸೆಂಟಿಮೀಟರ್, ಆದ್ರೆ ಖಾಲಿ ರೀಲ್ ಸುಮಾರು ಒಂದೂವರೆ ಸೆಕೆಂಡಿಗೆ ಒಂದು ಸುತ್ತು ಬಂದ್ರೆ ತುಂಬಿದ ರೀಲ್‌ಗೆ ಮೂರು ಸೆಕೆಂಡಿಗೂ ಜಾಸ್ತಿ ಬೇಕು. ನಿಧಾನ ಆಗತ್ತೆ, ಭಾರ ಆಗತ್ತೆ, ಸ್ವಲ್ಪ ಜಾರಿದ್ರೂ ಲಿವರ್‌ಗೆ ರೀಲ್ ನಿಂತ ಹಾಗೇ ಅನ್ಸತ್ತೆ. ಪ್ಲೇ ಒತ್ತಿದ ತಕ್ಷಣ ಟಕ್ ಟಕ್ ಅಂತ ಆ ಕಡೆ ಈ ಕಡೆ ಬದಲಾಗ್ತಾನೇ ಇದ್ರೆ ಎರಡೂ ರೀಲ್ ತಿರುಗ್ತಿಲ್ಲ, ಐಡ್ಲರ್ ಗೇರ್ ಅಂಟಿದೆ ಇಲ್ಲಾ ಒಡೆದಿದೆ. ಸೈಡ್ ಮುಗಿದು ಮೋಟಾರು ಗುಂಯ್ ಅಂತಿದ್ರೂ ಏನೂ ಆಗ್ತಿಲ್ಲ ಅಂದ್ರೆ ಮೋಟಾರಿನಿಂದ ಫ್ಲೈವೀಲ್ ತಿರುಗಿಸೋ ರಬ್ಬರ್ ಬೆಲ್ಟ್ ಜಾರ್ತಿದೆ ಅಥವಾ ಪಟ್ಟಿ ಸಿಕ್ಕಾಕೊಂಡಿದೆ. ಸೈಡ್ ಬದಲಾದ್ಮೇಲೆ ಹಾಡು ಉಲ್ಟಾ ಕೇಳಿಸಿದ್ರೆ ಅಥವಾ ಒಂದೇ ಕಿವಿಗೆ ಬಂದ್ರೆ ಅದು ಹೆಡ್ಡಿನ ಸ್ವಿಚ್ಚಿನ ಕೊಳೆ, ಗೇರಿಗೂ ಅದಕ್ಕೂ ಸಂಬಂಧ ಇಲ್ಲ.

ಬಿಚ್ಚೋದು

ಶೆಲ್ಲು ತೆಗೆದು, ಸ್ಕ್ರೂ ಬಿಚ್ಚಿ, ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ತಗೊಳ್ಳಿ. ಇಲ್ಲಿ ಹೇಳೋದು ಒಂದೇ, ಜಪಾನ್ ಸೆಟ್ಟುಗಳ ಸ್ಕ್ರೂಗೆ ಜೆಐಎಸ್ (ಜಪಾನಿನ ಮಾನದಂಡದ) ತುದಿಯ ಸ್ಕ್ರೂಡ್ರೈವರ್ ತಗೊಳ್ಳಿ. ಮಾಮೂಲಿ ಸ್ಟಾರ್ ಡ್ರೈವರ್ ಮೇಲೆ ಮೇಲೆ ಕೂತು ಸ್ಕ್ರೂ ತಲೆ ತಿಂದುಹಾಕತ್ತೆ.

ಬೆಲ್ಟು

ಹಳೇ ಬೆಲ್ಟು ಎರಡು ಥರ ಸಾಯತ್ತೆ, ಸಡಿಲ ಆಗಿರತ್ತೆ ಇಲ್ಲಾ ಕರಗಿ ಕಪ್ಪು ಅಂಟಾಗಿರತ್ತೆ. ಕರಗಿದ್ರೆ ಗ್ಲೌಸ್ ಹಾಕ್ಕೊಳ್ಳಿ, ಕೈಗೆ ಹತ್ತಿದ್ರೆ ಬೇಗ ಹೋಗಲ್ಲ. ಹಲ್ಲುಕಡ್ಡಿಯಿಂದ ಕೆರೆದು, ಐಪಿಎ ಅದ್ದಿದ ಇಯರ್‌ಬಡ್‌ನಿಂದ ಒರೆಸಿ, ಮೋಟಾರಿನ ಸಣ್ಣ ಪುಲ್ಲಿಯಲ್ಲಿ ಒಂದು ಚೂರೂ ಉಳೀಬಾರದು, ಉಳಿದ್ರೆ ಹಾಡು ಅಲುಗಾಡತ್ತೆ. ಐಪಿಎ ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿಂದೇ ತಗೊಳ್ಳಿ, ಬೆಂಗಳೂರಲ್ಲಿ ಎಸ್‌ಪಿ ರೋಡಲ್ಲಿ ಸಿಗತ್ತೆ. ಬೆಂಕಿ ಹತ್ತೋ ವಸ್ತು, ಅಡುಗೆಮನೆಯಲ್ಲಿ ಕೂತು ಮಾಡ್ಬೇಡಿ. ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಇವೆಲ್ಲ ಪ್ಲಾಸ್ಟಿಕ್ಕನ್ನೇ ತಿನ್ನತ್ತೆ.

ಹೊಸ ಬೆಲ್ಟಿನ ಅಳತೆಗೆ ಬೆಲ್ಟ್ ಹೋಗೋ ದಾರಿಯಲ್ಲೇ ಒಂದು ದಾರ ಸುತ್ತಿ ಉದ್ದ ತೆಗೀರಿ, ಅದರಲ್ಲಿ 5ರಿಂದ 10 ಪರ್ಸೆಂಟ್ ಕಮ್ಮಿ ಮಾಡಿ. ದಾರ 200 ಮಿಲಿಮೀಟರ್ ಬಂದ್ರೆ ಬೆಲ್ಟು 185ರ ಆಸುಪಾಸು. ಆನ್‌ಲೈನಲ್ಲಿ ಸಿಗೋ ಎಲ್ಲಾ ಸೈಜ್ ಸೇರಿಸಿದ ಮಿಕ್ಸ್ ಪ್ಯಾಕೆಟ್ ತಗೋಬೇಡಿ, ಉದ್ದ ಸರಿ ಇದ್ರೂ ದಪ್ಪ ಒಂದೇ ಸಮ ಇರಲ್ಲ, ಬಿಡಿಯಾಗಿ ಅಳತೆ ಹೇಳಿ ತರಿಸಿ. ಹಳೇದು ಚಪ್ಪಟೆ ಇದ್ರೆ ಚಪ್ಪಟೆಯದ್ದೇ, ಚೌಕ ಇದ್ರೆ ಚೌಕದ್ದೇ. ದುಡ್ಡು ಕಟ್ಟೋ ರಬ್ಬರ್ ಬ್ಯಾಂಡಂತೂ ಹಾಕಲೇಬೇಡಿ.

ಹಾಕೋವಾಗ ದಾರಿ ತಪ್ಪಬಾರದು. ಆಟೋ ರಿವರ್ಸ್ ಸೆಟ್ಟಲ್ಲಿ ಎರಡು ಫ್ಲೈವೀಲ್ ಇರತ್ತೆ, ಒಂದಕ್ಕೊಂದು ವಿರುದ್ಧ ದಿಕ್ಕಲ್ಲಿ ತಿರುಗಬೇಕು, ಅದಕ್ಕೇ ಬೆಲ್ಟಿನ ಒಳಮೈ ಒಂದಕ್ಕೆ ತಾಗಿದ್ರೆ ಹೊರಮೈ ಇನ್ನೊಂದಕ್ಕೆ ತಾಗತ್ತೆ. ಹಾಕಿದ್ಮೇಲೆ ಬೆರಳಲ್ಲಿ ತಿರುಗಿಸಿ ನೋಡಿ, ಎರಡೂ ಒಂದೇ ಕಡೆ ತಿರುಗಿದ್ರೆ ತಪ್ಪಾಗಿದೆ, ಹಾಗೇ ಮುಚ್ಚಿಬಿಟ್ರೆ ಒಂದು ಸೈಡಲ್ಲಿ ಟೇಪ್ ತಿನ್ನೋದು ಗ್ಯಾರಂಟಿ.

ಲಿವರ್ ಮತ್ತು ಪಟ್ಟಿ: ಇಲ್ಲೇ ನಿಧಾನ ಮಾಡಿ

ಬಹಳಷ್ಟು ಸೆಟ್ಟುಗಳಲ್ಲಿ ಬೆಲ್ಟ್ ಹಾಕಿದ್ಮೇಲೂ ಕಾಯಿಲೆ ಪೂರ್ತಿ ಹೋಗಿರಲ್ಲ, ಯಾಕಂದ್ರೆ ಫ್ಯಾಕ್ಟರಿಯಲ್ಲಿ ಹಚ್ಚಿದ ಗ್ರೀಸು ಇಷ್ಟು ವರ್ಷಕ್ಕೆ ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿ ಆಗಿರತ್ತೆ. ಪಟ್ಟಿ ಅರ್ಧ ದಾರಿಯಲ್ಲೇ ನಿಲ್ಲತ್ತೆ, ಐಡ್ಲರ್ ಗೇರು ರೀಲಿನ ಹಲ್ಲಿಗೆ ಪೂರ್ತಿ ಸೇರಲ್ಲ.

ಮೊದಲು ಏನನ್ನೂ ಬಿಚ್ಚದೇ ಕೈಯಲ್ಲೇ ನಡೆಸಿ ನೋಡಿ. ಕ್ಯಾಸೆಟ್ ಇಲ್ಲದೇ ಪ್ಲೇ ಒತ್ತಿ, ಶೆಲ್ಲು ಇರಬಾರದು. ಎಡಗೈ ಬೆರಳಲ್ಲಿ ಟೇಕಪ್ ರೀಲನ್ನ ಮೆಲ್ಲಗೆ ಹಿಡಿದು ನಿಲ್ಲಿಸಿ, ಬಲಗೈಯಲ್ಲಿ ಫ್ಲೈವೀಲನ್ನ ಮೋಟಾರು ತಿರುಗಿಸೋ ದಿಕ್ಕಲ್ಲೇ ತಿರುಗಿಸ್ತಾ ಹೋಗಿ, ಉಲ್ಟಾ ತಿರುಗಿಸ್ಬೇಡಿ. ಲಿವರ್ ಒಳಗೆ ಬಂದು, ಕ್ಯಾಮ್ ಒದ್ದು, ಅರ್ಧ ಹಲ್ಲಿನ ಗೇರು ತಿರುಗಿ, ಪಟ್ಟಿ ಟಕ್ ಅಂತ ಆ ಕಡೆ ಹೋಗಿ ಕೂರಬೇಕು. ಈಗ ಇನ್ನೊಂದು ರೀಲ್ ಹಿಡಿದು ಇದನ್ನೇ ಮಾಡಿ, ವಾಪಸ್ ಬರಬೇಕು. ಎಲ್ಲಿ ಭಾರ ಅನ್ಸತ್ತೋ, ಎಲ್ಲಿ ನಿಲ್ಲತ್ತೋ ಅಲ್ಲೇ ಕೆಲಸ ಇರೋದು. ಆತುರ ಬೇಡ, ಹತ್ತು ಸಲ ಮಾಡಿ ನೋಡಿದ್ರೂ ನಷ್ಟ ಇಲ್ಲ, ಕಣ್ಣಿಗೆ ಆ ಚಲನೆ ಕೂತ್ಮೇಲೆ ಅರ್ಧ ರಿಪೇರಿ ಆದ ಹಾಗೇ.

ಕ್ಲೀನ್ ಮಾಡ್ಬೇಕಾದ ಜಾಗಗಳು ಯಾವುದಂದ್ರೆ, ಪಟ್ಟಿ ಜಾರೋ ಉದ್ದನೆ ತೂತುಗಳು, ಅವುಗಳ ಒಳಗಿರೋ ಗೂಟಗಳು, ಐಡ್ಲರ್ ಗೇರು ತೂಗೋ ತೋಳಿನ ಬುಡ, ಲಿವರ್ ತಿರುಗೋ ಗೂಟ. ಹಲ್ಲುಕಡ್ಡಿ ತುದಿಗೆ ಐಪಿಎ ಅದ್ದಿ ಒಂದೊಂದು ಹನಿ ಬಿಡಿ, ಪಟ್ಟಿಯನ್ನ ಆಡಿಸಿ, ಕರಗಿ ಬಂದ ಹಳದಿ ಗ್ರೀಸನ್ನ ಒರೆಸಿ, ಮತ್ತೆ ಬಿಡಿ. ಒರೆಸದೇ ಬಿಟ್ರೆ ಆಲ್ಕೋಹಾಲ್ ಆರಿ ಅದೇ ಗ್ರೀಸು ಇನ್ನೊಂದು ಕಡೆ ಹೋಗಿ ಗಟ್ಟಿ ಆಗತ್ತೆ. ಗೇರ್ ಮೇಲಿನ ಕೂದಲಿನಷ್ಟು ತೆಳು ಸ್ಪ್ರಿಂಗ್ ಇದ್ಯಲ್ಲ, ಅದನ್ನ ಆದಷ್ಟೂ ತೆಗೀಬೇಡಿ, ತೆಗೀಲೇಬೇಕಂದ್ರೆ ಸೆಟ್ಟನ್ನ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಕೊಂಡು ಕೈ ಒಳಗೆ ಹಾಕಿ ತೆಗೀರಿ, ಹಾರಿದ್ರೂ ಕವರಲ್ಲೇ ಇರತ್ತೆ. ಸ್ಪ್ರಿಂಗ್ ಬಿಗಿ ಮಾಡೋಕೆ ಬಗ್ಗಿಸೋದು ಬೇಡವೇ ಬೇಡ, ಸ್ಪ್ರಿಂಗ್ ಹಾಳಾಗಿರೋದು ಅಪರೂಪ.

ಒಣಗಿದ್ಮೇಲೆ ಗ್ರೀಸ್. ಪ್ಲಾಸ್ಟಿಕ್ಕಿಗೆ ಆಗೋ ಸಿಲಿಕೋನ್ ಗ್ರೀಸನ್ನ ಸೂಜಿ ತುದಿಯಲ್ಲಿ ತಗೊಂಡು ಪಟ್ಟಿ ಜಾರೋ ಜಾಗಕ್ಕೆ ಮಾತ್ರ, ಕಂಡೂ ಕಾಣದಷ್ಟು. ಫ್ಲೈವೀಲಿನ ಕಂಬಿ ಕೂರೋ ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ, ಅದೂ ಸೂಜಿಯಲ್ಲಿ ಅರ್ಧ ಹನಿ. ಮುಗೀತು. ಲಿವರ್ ರೀಲಿಗೆ ಉಜ್ಜೋ ಜಾಗ, ರೀಲಿನ ಕೆಳಗಿರೋ ಫೆಲ್ಟ್ ಕ್ಲಚ್ಚು (ಉಜ್ಜಾಟದಿಂದ ರೀಲ್ ಎಳೆಯೋ ಬಟ್ಟೆಯಂಥ ಬಿಲ್ಲೆ), ಬೆಲ್ಟು, ಪಿಂಚ್ ರೋಲರ್, ಇಲ್ಲಿಗೆ ಎಣ್ಣೆ ವಾಸನೆಯೂ ತಾಗಬಾರದು. ಫೆಲ್ಟಿಗೆ ಎಣ್ಣೆ ಹಿಡಿದ್ರೆ ರೀಲಿನ ಎಳೆತ ಹೋಯ್ತು, ಲಿವರಿಗೆ ಹಿಡಿದ್ರೆ ರೀಲ್ ಎಷ್ಟೇ ಜೋರಾಗಿ ತಿರುಗಿದ್ರೂ ಅದಕ್ಕೆ ಗೊತ್ತಾಗಲ್ಲ, ಟಕ್ ಟಕ್ ಅಂತ ಬದಲಾಯಿಸ್ತಾನೇ ಇರತ್ತೆ. ಡಬ್ಲ್ಯುಡಿ-40 ಹೊಡೆದ ಸೆಟ್ಟುಗಳ ಗತಿ ಇದೇ, ಸ್ಪ್ರೇ ಒಂದು ಕಡೆ ಹೊಡೆದ್ರೆ ಎಲ್ಲಾ ಕಡೆ ಹರಡತ್ತೆ. ಕೊಬ್ಬರಿ ಎಣ್ಣೆ ಹಾಕೋರೂ ಇದಾರೆ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟತ್ತೆ, ಚಳಿಗಾಲದ ಬೆಳಿಗ್ಗೆ ಸೆಟ್ಟು ಅಲ್ಲಾಡಲ್ಲ. ಯಾರಾದ್ರೂ ಆಗಲೇ ಎಣ್ಣೆ ಹಾಕಿಟ್ಟಿದ್ರೆ ಒಂದೊಂದೇ ಭಾಗ ಐಪಿಎಯಲ್ಲಿ ತೊಳೆದು, ಫೆಲ್ಟನ್ನ ಟಿಶ್ಯೂ ಪೇಪರಲ್ಲಿ ಒತ್ತಿ ಒತ್ತಿ ಹೀರಿಸಿ, ತಾಳ್ಮೆ ಬೇಕು.

ಐಡ್ಲರ್ ಗೇರಿನ ಹಲ್ಲು ಒಂದೇ ಒಂದು ಮುರಿದಿದ್ರೂ ಅಥವಾ ನಡುವೆ ಸೀಳಿದ್ರೂ ಗೇರನ್ನೇ ಬದಲಾಯಿಸ್ಬೇಕು. ಸೂಪರ್ ಗ್ಲೂ ಹಾಕಿದ್ರೆ ಅದು ಹಲ್ಲಿನ ಸಂದಿಗೆ ಇಳಿದು ಗಟ್ಟಿ ಆಗತ್ತೆ, ಉಳಿದ ಗೇರೂ ಕೆಡತ್ತೆ. ಅದೇ ಮಾಡೆಲ್ಲಿನ ಕೆಟ್ಟ ಸೆಟ್ಟೊಂದನ್ನ ಹುಡುಕಿ ಅದರಿಂದ ತೆಗೆಯೋದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ.

ಉಳಿದದ್ದು

ಹೆಡ್ಡಿನ ಸ್ಲೈಡ್ ಸ್ವಿಚ್ಚಿಗೆ ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಮೂವತ್ತು ನಲವತ್ತು ಸಲ ಆ ಕಡೆ ಈ ಕಡೆ ಆಡಿಸಿ. ಪಿಂಚ್ ರೋಲರ್ ಎರಡನ್ನೂ ಸೋಪು ನೀರಿನ ಇಯರ್‌ಬಡ್‌ನಲ್ಲಿ ಒರೆಸಿ, ಹೆಡ್ಡಿಗೂ ಕ್ಯಾಪ್‌ಸ್ಟನ್ ಕಂಬಿಗೂ (ರೋಲರ್ ಟೇಪನ್ನ ಒತ್ತೋ ಫ್ಲೈವೀಲಿನ ಕಂಬಿ) ಐಪಿಎ. ಒಣ ಪಟ್ಟಿಯ ಹೆಡ್ ಕ್ಲೀನರ್ ಕ್ಯಾಸೆಟ್ ಬೇಡ, ಅದು ಉಜ್ಜಿ ಹೆಡ್ಡು ಸವೆಸತ್ತೆ. ಹೆಡ್ ಪಕ್ಕದ, ಹೆಡ್ಡಿನ ಓರೆ ಸರಿಮಾಡೋ ಅಜಿಮತ್ ಸ್ಕ್ರೂ ಮುಟ್ಟಲೇಬೇಡಿ, ಆಟೋ ರಿವರ್ಸಲ್ಲಿ ಒಂದು ದಿಕ್ಕಿಗೆ ಸರಿ ಮಾಡೋಕೆ ಹೋದ್ರೆ ಇನ್ನೊಂದು ದಿಕ್ಕಿಗೆ ಹೋಗತ್ತೆ.

ಸ್ಲಿಮ್ ಇರೋ, ಮೆತ್ತನೆ ಬಟನ್ನಿನ ಕೊನೆಗಾಲದ ಸೆಟ್ಟುಗಳಲ್ಲಿ ಈ ಲಿವರ್ ಇರಲ್ಲ, ರೀಲ್ ತಿರುಗೋದನ್ನ ಸೆನ್ಸರ್ ಎಣಿಸತ್ತೆ, ಎಣಿಕೆ ನಿಂತ್ರೆ ಐಸಿ ದಿಕ್ಕು ಬದಲಾಯಿಸತ್ತೆ. ರೀಲಿನ ಅಡಿಯ ಧೂಳು ಊದಿ ಒರೆಸಿ ನೋಡಿ, ಅದಕ್ಕೂ ಬಗ್ಗದಿದ್ರೆ ಗೊತ್ತಿರೋರ ಹತ್ರ ಕೊಡಿ, ಅಲ್ಲಿ ಜಾಗ ತುಂಬಾ ಇಕ್ಕಟ್ಟು.

ಮುಚ್ಚೋ ಮುಂಚೆ ಟೆಸ್ಟ್ ಕ್ಯಾಸೆಟ್ ಹಾಕಿ ಎರಡೂ ಸೈಡ್ ಪೂರ್ತಿ ಓಡಿಸಿ, ನಡುವೆ ಫಾರ್ವರ್ಡ್ ಮಾಡಿ ಕೊನೆಗೆ ಹೋಗೋದಲ್ಲ, ಪೂರ್ತಿ, ಯಾಕಂದ್ರೆ ಕಾಯಿಲೆ ಕಾಣೋದೇ ಕೊನೆಯ ಹತ್ತು ನಿಮಿಷದಲ್ಲಿ. ಸೈಡ್ ಬದಲಾದ ತಕ್ಷಣ ರೀಲ್ ತಿರುಗ್ತಿದ್ಯಾ ನೋಡಿ, ತಿರುಗದಿದ್ರೆ ಅದೇ ಕ್ಷಣ ಸ್ಟಾಪ್ ಒತ್ತಿ, ಟೇಪ್ ರೋಲರ್‌ಗೆ ಸುತ್ಕೊಳ್ಳೋಕೆ ಮೂರ್ನಾಲ್ಕು ಸೆಕೆಂಡ್ ಸಾಕು. ಸ್ಪೀಡು ಜಾಸ್ತಿ ಕಮ್ಮಿ ಅನಿಸಿದ್ರೆ ಹೊಸ ಬೆಲ್ಟು ಒಂದೆರಡು ಗಂಟೆ ಓಡಿದ ಮೇಲೆ 3000 ಹರ್ಟ್ಸ್ ಟೋನ್ ಇರೋ ಟೆಸ್ಟ್ ಟೇಪ್ ಹಾಕಿ, ಮೊಬೈಲಿನ ಫ್ರೀಕ್ವೆನ್ಸಿ ಆಪ್‌ನಲ್ಲಿ ನೋಡ್ಕೊಂಡು ಸ್ಪೀಡ್ ಪ್ರಿಸೆಟ್ಟನ್ನ (ಸ್ಪೀಡ್ ಹೊಂದಿಸೋ ಸಣ್ಣ ತಿರುಗಣೆ) ಕೂದಲೆಳೆಯಷ್ಟು ತಿರುಗಿಸಿ. ಎರಡು ದಿಕ್ಕಿನ ಸ್ಪೀಡಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರತ್ತೆ, ಬಿಟ್ಬಿಡಿ. ಎತ್ತಿಡೋವಾಗ ಪ್ಲೇ ಒತ್ತಿದ ಸ್ಥಿತಿಯಲ್ಲಿ ಬಿಡ್ಬೇಡಿ, ರೋಲರ್ ಮೇಲೆ ಕುಳಿ ಬೀಳತ್ತೆ, ಶೆಲ್ಲೂ ತೆಗೆದಿಡಿ.